ಮುಳ್ಳು ನಿಲ್ಲುವುದರಲ್ಲೇ ಇದೆ ಜಾಣತನ

ಸಣ್ಣ ಕರೆಂಟ್ ಅಳೆಯುವ ಗ್ಯಾಲ್ವನೋಮೀಟರ್ ಬಗ್ಗೆ ನೀವು ಬರೆದ ಲೇಖನ ಓದಿದೆ. ಕರೆಂಟ್ ಹರಿದಾಗ ಅಯಸ್ಕಾಂತದ ನಡುವಿನ ತಂತಿ ಸುರುಳಿ ಯಾಕೆ ತಿರುಗುತ್ತದೆ ಎಂದು ಅದರಲ್ಲಿ ಚೆನ್ನಾಗಿ ಹೇಳಿದ್ದೀರಿ. ಆದರೆ ಬರೀ ತಿರುಗುತ್ತಲೇ ಇದ್ದರೆ ಅದು ಮೋಟಾರ್, ಅಲ್ವಾ? ಗ್ಯಾಲ್ವನೋಮೀಟರ್‌ನಲ್ಲಿ ಸುರುಳಿ ಸರಿಯಾದ ಜಾಗದಲ್ಲಿ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಫಾಸ್ಫರ್ ಬ್ರಾಂಜ್ ಎಂಬ ಮಿಶ್ರಲೋಹದ ತೆಳು ಸ್ಪ್ರಿಂಗ್. ಸುರುಳಿ ತಿರುಗಿದಷ್ಟೂ ಅದು ಜಾಸ್ತಿ ಹಿಂದಕ್ಕೆ ಎಳೆಯುತ್ತದೆ. ಕರೆಂಟಿನಿಂದ ಬರುವ ತಿರುಗುಬಲ, ಸ್ಪ್ರಿಂಗಿನ ಎಳೆತ ಎರಡೂ ಸಮ ಆದ ಕಡೆ ಸುರುಳಿಯೂ ಅದಕ್ಕೆ ಜೋಡಿಸಿದ ಮುಳ್ಳೂ ನಿಲ್ಲುತ್ತವೆ.

ಹಳೆಯ ಮೀಟರ್ ಸಿಕ್ಕಿದರೆ ದಯವಿಟ್ಟು ಬಿಚ್ಚಿ ನೋಡಿ. ಅಯಸ್ಕಾಂತದ ತುದಿಗಳು ಒಳಕ್ಕೆ ಬಾಗಿರುತ್ತವೆ. ಸುರುಳಿಯ ಮಧ್ಯೆ ಮೆದು ಕಬ್ಬಿಣದ ಉರುಳೆ ಇರುತ್ತದೆ. ಇದು ಸುಮ್ನೆ ಇಟ್ಟದ್ದಲ್ಲ. ಇವೆರಡೂ ಸೇರಿ ಕಾಂತರೇಖೆಗಳನ್ನು (ಅಯಸ್ಕಾಂತದ ಬಲದ ದಿಕ್ಕು ತೋರಿಸುವ ಗೆರೆಗಳನ್ನು) ಚಕ್ರದ ಕಡ್ಡಿಗಳ ಹಾಗೆ ಮಧ್ಯದ ಕಡೆಗೆ ತಿರುಗಿಸುತ್ತವೆ. ಹಾಗಾಗಿ ಸುರುಳಿ ಯಾವ ಕೋನದಲ್ಲಿದ್ದರೂ ಅದರ ಮೇಲಿನ ತಿರುಗುಬಲ ಕರೆಂಟನ್ನು ಮಾತ್ರ ಅವಲಂಬಿಸುತ್ತದೆ. ಕರೆಂಟ್ 2 ಪಟ್ಟಾದರೆ ಮುಳ್ಳು ತಿರುಗುವ ಕೋನವೂ 2 ಪಟ್ಟು. ಪಿಯುಸಿ ಲ್ಯಾಬಿನ ಮೀಟರ್‌ನಲ್ಲಿ ಗೆರೆಗಳೆಲ್ಲ ಸಮ ಅಂತರದಲ್ಲಿ ಇರುವುದು ಇದರಿಂದಲೇ.

ಒಂದು ತಿದ್ದುಪಡಿ. ಸುರುಳಿಯಲ್ಲಿ ತಂತಿಯ ಸುತ್ತು ಹೆಚ್ಚಿಸಿದರೆ ಸೂಕ್ಷ್ಮತೆ, ಅಂದರೆ ಅಷ್ಟೇ ಕರೆಂಟ್ ಅಥವಾ ವೋಲ್ಟೇಜ್‌ಗೆ ಮುಳ್ಳು ಎಷ್ಟು ತಿರುಗುತ್ತದೆ ಎನ್ನುವುದು, ಹೆಚ್ಚುತ್ತದೆ ಎಂದಿದ್ದೀರಿ. ಕರೆಂಟ್ ಅಳೆಯುವಾಗ ಇದು ನಿಜ. ವೋಲ್ಟೇಜ್ ವಿಷಯದಲ್ಲಿ ಹಾಗಲ್ಲ. ಸುತ್ತು 2 ಪಟ್ಟು ಮಾಡಿದರೆ ತಂತಿಯ ಉದ್ದ, ಅದರ ಜೊತೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಕೂಡ 2 ಪಟ್ಟಾಗುತ್ತದೆ. ಅದೇ ವೋಲ್ಟೇಜ್‌ಗೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ, ಮುಳ್ಳು ಮೊದಲಿನಷ್ಟೇ ತಿರುಗುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಎಡವುವ ಜಾಗ ಇದು. ಲೇಖನದಲ್ಲಿ ಈ ಸಾಲು ಸೇರಿಸಿ.