ಮೊಜಿಬಾಕೆಯ ನಾಡಿನಿಂದ

ಟೋಕಿಯೋದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತ ಪದ 'ಮೊಜಿಬಾಕೆ'. ಮೊಜಿ ಅಂದರೆ ಅಕ್ಷರ, ಬಾಕೆ ಅಂದರೆ ರೂಪ ಬದಲಿಸುವುದು. ಫೈಲ್ ತೆರೆದಾಗ ಜಪಾನಿ ಬರಹದ ಬದಲು ಅರ್ಥವಿಲ್ಲದ ಗುರುತುಗಳು ಕಂಡರೆ ಹಾಗೆನ್ನುತ್ತಾರೆ. ಈ ತೊಂದರೆ ನಮಗೂ ಇದೆ. ನಾವು 'ಫಾಂಟ್ ಇಲ್ಲ ಅನ್ಸುತ್ತೆ' ಅಂತ ಫೈಲ್ ಮುಚ್ಚಿಬಿಡುತ್ತೇವೆ.

ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಅದರ ನೆನಪಿನ ಒಂದು ಪುಟ್ಟ ಖಾನೆಯಲ್ಲಿ, ಅಂದರೆ ಒಂದು ಬೈಟಿನಲ್ಲಿ, ಹಿಡಿಸುವುದು 256 ಸಂಖ್ಯೆಗಳು ಮಾತ್ರ. ಜಪಾನಿ ಬರಹದಲ್ಲಿ ಬಳಸುವ ಸಾವಿರಾರು ಚೀನೀ ಮೂಲದ ಅಕ್ಷರಗಳಿಗೆ, ಅಂದರೆ ಕಾಂಜಿಗಳಿಗೆ, ಅದು ಎಲ್ಲಿ ಸಾಕು? ಹಾಗಾಗಿ 1978ರಲ್ಲಿ ಜಪಾನ್ ತನ್ನ 'ಜಿಸ್' ಮಾನಕದಲ್ಲಿ 6,349 ಕಾಂಜಿಗಳಿಗೆ ಎರಡೆರಡು ಬೈಟಿನ ಸಂಖ್ಯೆ ಕೊಟ್ಟಿತು. ಆಮೇಲೆ ಅದೇ ಪಟ್ಟಿಯನ್ನು ಬರೆಯುವ ಬೇರೆ ಬೇರೆ ಕ್ರಮಗಳು ಹುಟ್ಟಿಕೊಂಡವು. ಪಿಸಿಗಳಲ್ಲಿ ಶಿಫ್ಟ್ ಜಿಸ್, ಯುನಿಕ್ಸ್‌ನಲ್ಲಿ ಇಯುಸಿ, ಇಮೇಲ್‌ಗೆ ಇನ್ನೊಂದು. ಒಂದರಲ್ಲಿ ಬರೆದದ್ದನ್ನು ಮತ್ತೊಂದರಂತೆ ಓದಿದರೆ ಮೊಜಿಬಾಕೆ. ಶಿಫ್ಟ್ ಜಿಸ್‌ನಲ್ಲಿ ಕತಕಾನಾ ಎಂಬ ಜಪಾನಿ ಅಕ್ಷರಮಾಲೆಯ 'ಸೋ' ಅಕ್ಷರದ ಎರಡನೇ ಬೈಟು ಬ್ಯಾಕ್‌ಸ್ಲ್ಯಾಶ್‌ನದೇ ಸಂಖ್ಯೆ. ಆ ಓರೆಗೆರೆಗೆ ಪ್ರೋಗ್ರಾಮ್‌ಗಳಲ್ಲಿ ವಿಶೇಷ ಅರ್ಥವಿರುವುದರಿಂದ ಅದೊಂದರಿಂದಲೇ ಎಷ್ಟೋ ಪ್ರೋಗ್ರಾಮ್‌ಗಳು ತಪ್ಪಿ ಬಿದ್ದಿವೆ.

ಆದರೂ ಈ ಕ್ರಮಗಳಿಗೆಲ್ಲ ಆಧಾರವಾಗಿದ್ದ ಪಟ್ಟಿ ಒಂದೇ, ಎಲ್ಲರಿಗೂ ತೆರೆದಿತ್ತು. ಹಾಗಾಗಿ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್‌ಗೆ ಬದಲಿಸುವಾಗ ಆ ಹಳೆಯ ಫೈಲುಗಳು ಬಹುಪಾಲು ಉಳಿದುಕೊಂಡವು.

ನಮ್ಮ ದಾರಿ ಬೇರೆ. ಭಾರತೀಯ ಲಿಪಿಗಳಿಗೆ ಇಸ್ಕಿ ಮಾನಕ 1991ರಲ್ಲೇ ಬಂದಿತ್ತು. ಆದರೆ ಡಿಟಿಪಿ ಅಂಗಡಿಗಳಲ್ಲಿ ನಡೆದದ್ದು ಆಸ್ಕಿ ಫಾಂಟು. ಅಲ್ಲಿ ಸಂಖ್ಯೆ ಸಿಕ್ಕಿದ್ದು ಅಕ್ಷರಕ್ಕಲ್ಲ, ಅದರ ಚೂರುಗಳಿಗೆ. ತಲೆಕಟ್ಟು, ಕೊಂಬು, ಒತ್ತು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ಯಾವ ಚೂರು ಎಲ್ಲಿ ಅನ್ನುವುದು ಆಯಾ ಫಾಂಟಿಗೇ ಗೊತ್ತು. ಫಾಂಟ್ ಹೋದರೆ ಕನ್ನಡವೂ ಹೋಯಿತು.

ನಮ್ಮ ಮಾವ 2003ರಲ್ಲಿ ಊರಿನ ಮನೆತನಗಳ ಕಥೆಯನ್ನು ಟೈಪ್ ಮಾಡಿಸಿದ್ದರು. ಆ ಫೈಲ್ ನನ್ನ ಕಂಪ್ಯೂಟರಿನಲ್ಲಿ ಬರೀ ರೋಮನ್ ಗೊಜ್ಜು. ಕನ್ವರ್ಟರ್‌ಗೆ ಹಾಕಿದೆ. ಮುಕ್ಕಾಲು ಪಾಲು ಸರಿಬಂತು, ಒತ್ತಕ್ಷರಗಳು ಕೆಟ್ಟವು. ಮಾತುಗಳನ್ನು ಊಹಿಸಿ ತಿದ್ದಬಹುದು. ಊರು, ಹೊಲ, ಮನೆಗಳ ಹೆಸರನ್ನು ಹೇಗೆ ಊಹಿಸುವುದು?

ಇಲ್ಲಿ ಜಪಾನಿನವರಿಗೂ ಹೀಗೆ ಆಗಿತ್ತು. ಜಿಸ್ ಪಟ್ಟಿಯಲ್ಲಿ ಯಾರೂ ಬಳಸದ ಕೆಲವು ಕಾಂಜಿಗಳು ಸೇರಿಕೊಂಡಿದ್ದವು. 'ದೆವ್ವದ ಅಕ್ಷರ' ಅನ್ನುತ್ತಾರೆ. 1997ರ ಪರಿಷ್ಕರಣೆಗೆ ಮುಂಚೆ ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಂದು ಅಕ್ಷರ ಶಿಗಾ ಪ್ರಾಂತ್ಯದ ಹಳ್ಳಿಯೊಂದರ ಹೆಸರಿನದು. 'ಬೆಟ್ಟ'ದ ಕೆಳಗೆ 'ಹೆಣ್ಣು' ಬರೆದರೆ ಆ ಅಕ್ಷರ. ಅದನ್ನು ಮಾಡಲು 'ಬೆಟ್ಟ', 'ಹೆಣ್ಣು' ಇದ್ದ ಎರಡು ಚೀಟಿ ಕತ್ತರಿಸಿ ಅಂಟಿಸಿದಾಗ ಬಿದ್ದ ಅಂಚಿನ ನೆರಳನ್ನೇ ಗೆರೆಯೆಂದು ನಕಲು ಮಾಡಿದ್ದರಂತೆ, ಹಾಗೆ ಪಟ್ಟಿಗೆ ತಪ್ಪು ಅಕ್ಷರ ಸೇರಿತ್ತು! ಒಂದು ಹಳ್ಳಿಯ ಹೆಸರಿಗಾಗಿ ಇಷ್ಟು ಹುಡುಕಿದರಲ್ಲ ಅಂತ ಓದುವಾಗ ಗಂಟಲು ಕಟ್ಟಿತು.

ನಮ್ಮ ಸಂಘ, ಪ್ರಕಾಶನ, ಪಂಚಾಯಿತಿಗಳ ಕಂಪ್ಯೂಟರುಗಳಲ್ಲೂ ಹಳೆಯ ಫೈಲುಗಳು ಇನ್ನೂ ಇವೆ. ಅವನ್ನು ಈಗಲೇ ಯೂನಿಕೋಡ್‌ಗೆ ತರಬೇಕು. ಟೈಪ್ ಮಾಡಿಸಿದವರು ಇರುವಾಗಲೇ ಕೂತು ತಿದ್ದಿಸಿಕೊಳ್ಳಬೇಕು. ಮೂಲ ಫೈಲನ್ನೂ ಫಾಂಟನ್ನೂ ಒಟ್ಟಿಗೆ ಇಡಬೇಕು, ಸುಮ್ನೆ ಅಳಿಸಬಾರದು.

ಮಾವನಿಗೆ ಈಗ ಎಂಬತ್ತೊಂದು. ಪ್ರತಿ ಭಾನುವಾರ ಫೋನ್ ಮಾಡಿ ಒಂದೊಂದು ಪುಟ ಓದುತ್ತೇನೆ. ಹೆಸರು ತಪ್ಪಿದ ಕಡೆ ಅವರು ತಡೆದು, ಬಿಡಿಸಿ ಹೇಳುತ್ತಾರೆ. ಇನ್ನೂ ಅರವತ್ತು ಪುಟ ಇವೆ.