ಕೊಳದಲ್ಲಿ ಇರುವುದು, ವಹಿಯಲ್ಲಿ ಇರುವುದು

ಬಾಗಲಕೋಟೆಯ ನವನಗರದಲ್ಲಿ ಬೆಳಗಿನ ನಡಿಗೆಗೆ ಸೇರುವ ನಮ್ಮ ಗುಂಪಿನಲ್ಲಿ ಅಣುವಿದ್ಯುತ್ತಿನ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಸ್ಥಾವರ ಸಿಡಿದರೆ ಏನು ಗತಿ, ವಿದ್ಯುತ್ತು ಯೂನಿಟ್ಟಿಗೆ ಎಷ್ಟು ಬೀಳುತ್ತದೆ. ನನ್ನ ಪ್ರಶ್ನೆ ಬೇರೆ. ರಿಯಾಕ್ಟರ್‌ನಲ್ಲಿ ಬಳಕೆಯಾಗಿ ಹೊರಬಂದ ಇಂಧನದ ಲೆಕ್ಕವನ್ನು ಯಾರು ಬರೆಯುತ್ತಾರೆ, ಬರೆದದ್ದನ್ನು ಎಲ್ಲಿ ಇಡುತ್ತಾರೆ, ಅದು ಸರಿಯಾಗಿದೆಯೇ ಎಂದು ಯಾರು ಬಂದು ನೋಡುತ್ತಾರೆ? ನಾನು ಹೀಗೆ ಕೇಳಿದಾಗ ಗೆಳೆಯರು ನಗುತ್ತಾರೆ. "ನಿವೃತ್ತಿ ಆದ್ರೂ ರೆಕಾರ್ಡ್ ರೂಮ್ ಬಿಡಲಿಲ್ಲ ನೋಡ್ರಿ ನೀವು" ಎಂದು ಮೊನ್ನೆ ಒಬ್ಬರು ಅಂದರು. ಬಿಟ್ಟಿಲ್ಲ, ನಿಜ. ಇಪ್ಪತ್ತೆರಡು ವರ್ಷ ಕಂದಾಯ ದಾಖಲೆಗಳ ನಡುವೆ ಕಳೆದವನಿಗೆ ಈ ಪ್ರಶ್ನೆ ಉಳಿದೆಲ್ಲಕ್ಕಿಂತ ಮೊದಲಿನದಾಗಿ ಕಾಣುತ್ತದೆ. ದೇಶವು 2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣುವಿದ್ಯುತ್ತಿನ ಗುರಿ ಇಟ್ಟುಕೊಂಡಿರುವಾಗ, ಆ ಕ್ಷೇತ್ರ ಖಾಸಗಿಯವರಿಗೂ ತೆರೆದುಕೊಳ್ಳುತ್ತಿರುವಾಗ, ಇದನ್ನು ಈಗಲೇ ಕೇಳಬೇಕು.

ಖಾನಾಪುರದ ಕಾಡು ದಾಟಿದರೆ ಉತ್ತರ ಕನ್ನಡ. ಅಲ್ಲಿ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಇಂಥ ಒಂದು ಘಟಕದೊಳಗೆ 306 ಕೊಳವೆಗಳು, ಪ್ರತಿ ಕೊಳವೆಯಲ್ಲಿ 12 ಇಂಧನದ ಬಂಡಲ್‌ಗಳು, ಒಟ್ಟು 3,672. ಕಣಿಕೆಯ ಸೂಡು ಕಟ್ಟಿದಂತೆ 19 ಸಣ್ಣ ಸರಳುಗಳನ್ನು ಜೋಡಿಸಿ ಮಾಡಿದ ಒಂದು ಬಂಡಲ್ ಅರ್ಧ ಮೀಟರ್ ಉದ್ದ, ಸುಮಾರು 16 ಕೆ.ಜಿ. ತೂಕ. ಈ ಬಗೆಯ ರಿಯಾಕ್ಟರ್ ಓಡುತ್ತಿರುವಾಗಲೇ ಯಂತ್ರಗಳು ಒಂದು ತುದಿಯಿಂದ ಹೊಸ ಬಂಡಲ್ ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ಹೊರತೆಗೆಯುತ್ತವೆ. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿದ್ದು ಈ ಅನುಕೂಲದಿಂದಲೇ. ಆದರೆ ಲೆಕ್ಕ ಇಡುವವನ ಕಣ್ಣಿಗೆ ಇದೇ ಅನುಕೂಲ ಬೇರೆ ರೀತಿ ಕಾಣುತ್ತದೆ. ಇಂಧನ ನೈಸರ್ಗಿಕ ಯುರೇನಿಯಂ ಆದ್ದರಿಂದ ಅದು ಬೇಗ ಸವೆಯುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬಂಡಲ್ ಬೇಕಾಗುತ್ತದೆ, ವರ್ಷವಿಡೀ ಹಳೆಯವು ತಣ್ಣಗಾಗಲೆಂದು ನೀರಿನ ಕೊಳಕ್ಕೆ ಇಳಿಯುತ್ತಲೇ ಇರುತ್ತವೆ. ಅಂದರೆ ವಹಿಯಲ್ಲಿ ನಮೂದು ಬೀಳುವುದೂ ನಿಲ್ಲುವುದಿಲ್ಲ.

ಆ ನಮೂದಿನಲ್ಲಿ ಏನಿರಬೇಕು? ಬಂಡಲ್‌ನ ಕ್ರಮಾಂಕ, ಅದು ಯಾವ ದಿನ ಯಾವ ಕೊಳವೆಯ ಯಾವ ಸ್ಥಾನಕ್ಕೆ ಹೋಯಿತು, ಎಷ್ಟು ಶಕ್ತಿ ಕೊಟ್ಟಿತು, ಯಾವ ದಿನ ಹೊರಬಂತು, ಕೊಳದಲ್ಲಿ ಯಾವ ತಟ್ಟೆಯಲ್ಲಿ ಎಷ್ಟನೆಯದಾಗಿ ಕುಳಿತಿದೆ, ಅದರ ಕವಚಕ್ಕೆ ಏನಾದರೂ ಧಕ್ಕೆಯಾಗಿದೆಯೇ. ನಮ್ಮ ದೇಶ ಬಳಕೆಯಾದ ಇಂಧನವನ್ನು ಕಸವೆಂದು ಎಣಿಸುವುದಿಲ್ಲ. ತಾರಾಪುರ, ಕಲ್ಪಾಕ್ಕಂನಂಥ ಕಡೆ ಅದನ್ನು ಮತ್ತೆ ಸಂಸ್ಕರಿಸಿ ಪ್ಲುಟೋನಿಯಂ ಮತ್ತು ಯುರೇನಿಯಂ ಬೇರ್ಪಡಿಸುತ್ತಾರೆ. ಹಾಗಾಗಿ ಇಂಧನ ಒಂದು ದಿನ ಕೊಳದಿಂದ ಎದ್ದು ಸಾಗಣೆಗೆ ಹೊರಡಲೇಬೇಕು. ಹೊರಗಿನಿಂದ ನೋಡಿದರೆ ಹತ್ತು ವರ್ಷ ತಣ್ಣಗಾದ ಬಂಡಲ್ಲಿಗೂ ಒಂದು ವರ್ಷದ ಹಿಂದೆ ಇಳಿದ ಬಂಡಲ್ಲಿಗೂ ವ್ಯತ್ಯಾಸ ತಿಳಿಯದು. ಯಾವುದನ್ನು ಯಾವ ಪೆಟ್ಟಿಗೆಯಲ್ಲಿ ಎಷ್ಟು ದಪ್ಪದ ಸೀಸದ ಹಿಂದೆ ಇಡಬೇಕೆಂದು ಹೇಳುವುದು ಆ ಒಂದು ಸಾಲು ನಮೂದು. ಅಮೆರಿಕದಂಥ ದೇಶಗಳಲ್ಲಿ ಕೊಳ ತುಂಬಿದ ಮೇಲೆ ಇಂಧನವನ್ನು ಉಕ್ಕಿನ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿ, ಕಾಂಕ್ರೀಟಿನ ಕವಚದೊಳಗೆ ದಶಕಗಟ್ಟಲೆ ನಿಲ್ಲಿಸುತ್ತಾರೆ. ಬೆಸುಗೆ ಬಿದ್ದ ಮೇಲೆ ಒಳಗೆ ಏನಿದೆ ಎಂದು ಇಣುಕಿ ನೋಡುವ ದಾರಿ ಇಲ್ಲ, ಕಾಗದ ಹೇಳಿದ್ದೇ ಸರಿ.

ಇಲ್ಲಿ ನನ್ನ ಅನುಭವದ ಒಂದು ಸಂಗತಿ ಹೇಳಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಜಮೀನು ಕಳೆದುಕೊಂಡ ಹಿರಿಯರೊಬ್ಬರು ಹಳೆಯ ಉತಾರದ ನಕಲು ಕೇಳಿಕೊಂಡು ನಾನಿದ್ದ ಕಚೇರಿಗೆ ಬಂದಿದ್ದರು. ಸೂಚಿಯಲ್ಲಿ ಅವರ ಊರಿನ ದಫ್ತರ ಇಂಥ ಕಪಾಟು, ಇಂಥ ಖಾನೆ ಎಂದು ಸ್ಪಷ್ಟವಾಗಿ ಬರೆದಿತ್ತು. ಖಾನೆಗೆ ಕೈ ಹಾಕಿದರೆ ದಫ್ತರ ಇರಲಿಲ್ಲ. ಹಳೆಯ ಪೇಟೆಯಿಂದ ಕಚೇರಿ ಸ್ಥಳಾಂತರವಾದಾಗ ಕಳೆದಿರಬೇಕು ಎಂದು ಎಲ್ಲರೂ ಕೈಚೆಲ್ಲಿದರು. ಆ ಹಿರಿಯರು ಐದು ತಿಂಗಳು ತಿರುಗಿದರು. ಬಂದಾಗಲೆಲ್ಲ ಪಂಚೆಯ ಚುಂಗಿನಲ್ಲಿ ಸುತ್ತಿಟ್ಟ ಅದೇ ಮಾಸಿದ ಅರ್ಜಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿ ಇಡುತ್ತಿದ್ದರು. ಕೊನೆಗೆ ಗೆದ್ದಲು ನೋಡಲೆಂದು ಇಡೀ ಕಪಾಟು ಇಳಿಸಿದಾಗ ಪಕ್ಕದ ಊರಿನ ಕೆಂಪು ಬಟ್ಟೆಯೊಳಗೆ, ಆ ಊರಿನ ಕಾಗದಗಳ ನಡುವೆ, ಇವರ ಊರಿನ ಕಾಗದಗಳೂ ಸಿಕ್ಕವು. ಅವು ಕಚೇರಿ ಬಿಟ್ಟು ಒಂದು ಹೆಜ್ಜೆಯೂ ಹೋಗಿರಲಿಲ್ಲ. ಯಾರೋ ಅವಸರದಲ್ಲಿ ಎರಡು ಗಂಟನ್ನು ಒಂದು ಮಾಡಿದ್ದರು, ಅಷ್ಟೆ.

2004ರಲ್ಲಿ ಅಮೆರಿಕದ ವರ್ಮಾಂಟ್ ಯಾಂಕೀ ಸ್ಥಾವರದಲ್ಲಿ ನಡೆದದ್ದನ್ನು ಓದಿದಾಗ ನನಗೆ ಆ ಕೆಂಪು ಬಟ್ಟೆಯೇ ನೆನಪಾಯಿತು. ಬಳಕೆಯಾದ ಇಂಧನದ ಸರಳಿನ ಎರಡು ತುಂಡುಗಳು ದಾಖಲೆ ಹೇಳಿದ ಜಾಗದಲ್ಲಿ ಇರಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಅದೇ ಕೊಳದೊಳಗೆ, ಬೇರೊಂದು ಡಬ್ಬಿಯಲ್ಲಿ ಸಿಕ್ಕವು. ಕನೆಕ್ಟಿಕಟ್ ರಾಜ್ಯದ ಮಿಲ್‌ಸ್ಟೋನ್ ಸ್ಥಾವರಕ್ಕೆ ಆ ಅದೃಷ್ಟವೂ ಇರಲಿಲ್ಲ. 1972ರಲ್ಲಿ ಅಲ್ಲಿಯ ಮೊದಲನೆಯ ಘಟಕದ ಒಂದು ಇಂಧನ ಜೋಡಣೆಯಿಂದ (ನಮ್ಮ ಬಂಡಲ್‌ನಂತೆ ಸರಳುಗಳನ್ನು ಸೇರಿಸಿ ಕಟ್ಟಿದ್ದು) ಬಿಡಿಸಿ ತೆಗೆದಿದ್ದ ಎರಡು ಸರಳುಗಳು ಎಲ್ಲಿವೆ ಎಂಬುದು 2000ನೇ ಇಸವಿಯಲ್ಲಿ ದಾಖಲೆಗಳನ್ನು ತಾಳೆ ನೋಡಿದಾಗ ಯಾರಿಗೂ ಹೇಳಲಾಗಲಿಲ್ಲ. 1980ರ ಸುಮಾರಿನ ನಂತರ ಅವುಗಳ ಹೆಸರೇ ಕಾಗದದಲ್ಲಿ ಇಲ್ಲ. ಕಡಿಮೆ ವಿಕಿರಣದ ಕಸದೊಂದಿಗೆ ಎಲ್ಲೋ ಹೂಳಲು ಹೋಗಿರಬೇಕೆಂಬ ಊಹೆಯಲ್ಲಿ ತನಿಖೆ ಮುಗಿಯಿತು, 2002ರಲ್ಲಿ 2,88,000 ಡಾಲರ್ ದಂಡ ಬಿತ್ತು, ಸರಳುಗಳು ಸಿಗಲಿಲ್ಲ.

ಎರಡೂ ಕಡೆ ತಪ್ಪಿದ್ದು ಒಂದೇ ಜಾಗದಲ್ಲಿ. ಇಡೀ ಜೋಡಣೆಗಳ ಲೆಕ್ಕ ಅಚ್ಚುಕಟ್ಟಾಗಿತ್ತು; ಅದರಿಂದ ಬೇರ್ಪಟ್ಟ ಸರಳು, ಮುರಿದ ತುಂಡುಗಳ ಲೆಕ್ಕವನ್ನು ಹೇಗೆ ಇಡಬೇಕೆಂದು ನಿಯಮ ಬಿಡಿಸಿ ಹೇಳಿರಲಿಲ್ಲ. 2005ರಲ್ಲಿ ಅಲ್ಲಿಯ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಎತ್ತಿ ತೋರಿಸಿದ್ದೂ ಇದನ್ನೇ. ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಸರ್ವೆ ನಂಬರು ಸರಿಯಾಗಿಯೇ ಇರುತ್ತದೆ. ಜಗಳ ಹುಟ್ಟುವುದು ಪೋಡಿ ಆಗದ, ಅಂದರೆ ಅಳೆದು ಬೇರೆ ಮಾಡದ, ಹಿಸ್ಸೆಯಲ್ಲಿ.

ಅಮೆರಿಕದ ಅಣು ನಿಯಂತ್ರಣ ಆಯೋಗದ ನಿಯಮಾವಳಿಯಲ್ಲಿ ಸಂಗ್ರಹಿತ ಇಂಧನದ ದಾಖಲೆಗೆಂದೇ ಒಂದು ಕಲಂ ಇದೆ. ಬಂದದ್ದು, ಇರುವುದು, ಇರುವ ಜಾಗ, ಹೋದದ್ದು ಎಲ್ಲವನ್ನೂ ಬರೆದಿಡಬೇಕು. 12 ತಿಂಗಳಿಗೊಮ್ಮೆಯಾದರೂ ಕಣ್ಣಾರೆ ಎಣಿಕೆ ನಡೆಯಬೇಕು. ದಾಖಲೆ ಎರಡು ಪ್ರತಿಯಲ್ಲಿರಬೇಕು. ಒಂದೇ ಅವಘಡ ಎರಡನ್ನೂ ನುಂಗದಷ್ಟು ದೂರದಲ್ಲಿ ಎರಡನೆಯ ಪ್ರತಿ ಇರಬೇಕು. ಈ ಕೊನೆಯ ಮಾತನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ. ಮುಂದೆ ಹಲವು ಸ್ಥಾವರಗಳು, ಬೆಂಕಿ ತಡೆಯುವ ಒಂದೇ ಭದ್ರ ಕೋಣೆಯಲ್ಲಿ ಇಟ್ಟರೆ ಸಾಕೆಂದು ವಿನಾಯಿತಿ ಕೇಳಿ ಪಡೆದವು. ಅವರ ವಾದ ತೆಗೆದುಹಾಕುವಂಥದ್ದಲ್ಲ, ಆದರೂ ನನಗೆ ಒಪ್ಪಿಗೆಯಿಲ್ಲ. ಒಂದು ಪೇಟೆಗೆ ಪೇಟೆಯೇ ನೀರಿಗೆ ಸರಿದ ಊರಿನವನು ನಾನು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟದ 519.60 ಮೀಟರ್, 524.256 ಮೀಟರ್ ಎಂಬ ಅಂಕಿಗಳು ಇಲ್ಲಿ ಮಗ್ಗಿಯಂತೆ ಬಾಯಿಗೆ ಬರುತ್ತವೆ. ಗೋಡೆ ಎಷ್ಟು ಗಟ್ಟಿ ಎಂದು ನಾವು ಕೇಳುವುದಿಲ್ಲ, ಎಷ್ಟು ಎತ್ತರದಲ್ಲಿದೆ ಎಂದು ಕೇಳುತ್ತೇವೆ.

ಎರಡು ಪ್ರತಿ ಇದ್ದರೆ ಎಲ್ಲ ಸರಿಹೋಯಿತು ಎಂದೂ ನಾನು ಹೇಳಲಾರೆ. ಒಂದರಲ್ಲಿ ತಿದ್ದಿ ಇನ್ನೊಂದನ್ನು ಮರೆತರೆ ಎರಡು ಸತ್ಯಗಳು ಹುಟ್ಟುತ್ತವೆ; ಅಂಥ ಜೋಡಿಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಆದ್ದರಿಂದ ತಿದ್ದುವ ಕ್ರಮವೂ ನಿಯಮದೊಳಗೇ ಬರಬೇಕು: ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ, ಪಕ್ಕದಲ್ಲಿ ಹೊಸ ಅಂಕಿ, ಕಾರಣ, ರುಜು, ದಿನಾಂಕ. ಕಂಪ್ಯೂಟರಿನಲ್ಲೂ ಅಷ್ಟೇ, ಹಳೆಯದು ಅಳಿಯಬಾರದು. ಆ ಕೆಂಪು ಬಟ್ಟೆಯ ದಫ್ತರ ಬಿಡಿಸಿ ಕಟ್ಟಿದಾಗ ನಾನು ಹೊಸ ಚೀಟಿ ಅಂಟಿಸಿದೆ, ತಪ್ಪು ಚೀಟಿಯನ್ನೂ ಒಳಗೇ ಇಟ್ಟೆ.

ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ, 1987ರ ವಿಕಿರಣ ತ್ಯಾಜ್ಯ ವಿಲೇವಾರಿ ನಿಯಮಗಳಲ್ಲಿ ದಾಖಲೆ ಇಡುವ ಹೊಣೆಯೂ ಇದೆ. ಆದರೆ ನಿಯಮ ಇರುವುದಕ್ಕೂ ಪಟ್ಟಿ ಪೂರ್ಣವಾಗಿರುವುದಕ್ಕೂ ನಡುವಿನ ಅಂತರ 2010ರಲ್ಲಿ ದಿಲ್ಲಿಯ ಮಾಯಾಪುರಿಯಲ್ಲಿ ಬಯಲಾಯಿತು. ವಿಶ್ವವಿದ್ಯಾಲಯವೊಂದರಲ್ಲಿ 1985ರಿಂದ ಮೂಲೆಗೆ ಬಿದ್ದಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಇದ್ದ ಯಂತ್ರವು ಗುಜರಿಗೆ ಹರಾಜಾಗಿ, ಬಿಚ್ಚಿದವರ ಕೈ ಸುಟ್ಟು, ಒಬ್ಬ ಕಾರ್ಮಿಕ ಸತ್ತ. ಅದು ರಿಯಾಕ್ಟರ್ ಇಂಧನವಲ್ಲ, ಸರಿ. ಆದರೂ 2012ರ ಸಿಎಜಿ ವರದಿ ದೇಶದ ಎಲ್ಲ ವಿಕಿರಣ ಮೂಲಗಳ ಸಮಗ್ರ ಪಟ್ಟಿ ಮಂಡಳಿಯ ಬಳಿ ಇಲ್ಲವೆಂದು ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪರಿವೀಕ್ಷಕರು ಎಣಿಸಲೆಂದು ಭಾರತ 2006ರಲ್ಲಿ, ನಾಗರಿಕ ಮತ್ತು ಸೇನಾ ಬಳಕೆಯ ಅಣು ಸ್ಥಾವರಗಳನ್ನು ಬೇರೆ ಮಾಡುವ ಪ್ರತ್ಯೇಕತಾ ಯೋಜನೆಯಲ್ಲಿ ಒಪ್ಪಿಸಿದ 14 ರಿಯಾಕ್ಟರ್‌ಗಳಲ್ಲಿ ಕೈಗಾದ್ದು ಒಂದೂ ಇಲ್ಲ. ಅದರ ರಾಜತಾಂತ್ರಿಕ ಕಾರಣಗಳನ್ನು ನಾನು ಪ್ರಶ್ನಿಸುವುದಿಲ್ಲ. ಹೊರಗಿನವರು ಬಂದು ಎಣಿಸದ ಕಡೆ ಒಳಗಿನ ನಿಯಂತ್ರಕ ಇಮ್ಮಡಿ ಎಣಿಸಬೇಕು ಎಂಬುದಷ್ಟೇ ನನ್ನ ವಾದ. ಬರೆಯುವವನೇ ತಾಳೆ ನೋಡುವವನಾಗಬಾರದು; ಕಳಿಸಿದವರ ಲೆಕ್ಕವೂ ಮುಟ್ಟಿಸಿಕೊಂಡವರ ಲೆಕ್ಕವೂ ಮೂರನೆಯವರ ಮುಂದೆ ಕೂಡಬೇಕು. 1962ರ ಅಣುಶಕ್ತಿ ಕಾಯ್ದೆ ಮಾಹಿತಿ ಹೊರಹೋಗದಂತೆ ತಡೆಯುವ ದೊಡ್ಡ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತ್ತು. ಪ್ಲುಟೋನಿಯಂ ಎಷ್ಟು, ಎಲ್ಲಿ ಎಂಬುದು ಗುಟ್ಟಾಗಿರಲಿ. ಈ ವರ್ಷ ಎಣಿಕೆ ನಡೆಯಿತೇ, ವಹಿಯೂ ಕೊಳವೂ ಕೂಡಿದವೇ, ಎರಡನೆಯ ಪ್ರತಿ ಬೇರೆ ಊರಿನಲ್ಲಿದೆಯೇ ಎಂಬ ಮೂರು ಪ್ರಶ್ನೆಗೆ ಹೌದು, ಇಲ್ಲ ಎಂದು ಪ್ರಕಟಿಸಿದರೆ ಯಾವ ಗುಟ್ಟೂ ಒಡೆಯುವುದಿಲ್ಲ.

ಇನ್ನು ಓದುವ ಮಾತು. ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು 24,100 ವರ್ಷ ಬೇಕು ಎಂಬ ಅಂಕಿ ನನ್ನ ಬುದ್ಧಿಗೆ ನಿಲುಕುವುದಿಲ್ಲ. ನನಗೆ ನೂರು ವರ್ಷವೇ ಸಾಕಷ್ಟು ಹೆದರಿಕೆ ಹುಟ್ಟಿಸುತ್ತದೆ. ಫ್ರಾನ್ಸಿನವರು ಮಾಂಶ್ ಎಂಬಲ್ಲಿ 1994ರಲ್ಲಿ ಕಸ ಹಾಕುವುದು ನಿಲ್ಲಿಸಿದ ಹೂಳುದಾಣದ ದಾಖಲೆಗಳನ್ನು ಬಾಳಿಕೆಯ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿ ಅಲ್ಲಿ, ಇನ್ನೊಂದು ರಾಷ್ಟ್ರೀಯ ಪತ್ರಾಗಾರದಲ್ಲಿ ಇಟ್ಟಿದ್ದಾರೆ. ನಮ್ಮ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದವು, ಹಳೆಯ ಕಾಗದಗಳಲ್ಲಿ ಎಷ್ಟೋ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿವೆ. ನಮ್ಮ ಮನೆಯದೊಂದು ಕಾಗದ ಓದಿಸಲು ಜಮಖಂಡಿಯ ಹಿರಿಯರೊಬ್ಬರಲ್ಲಿಗೆ ಹೋಗಿದ್ದೆ. ಅವರು ಭೂತಗನ್ನಡಿ ಹಿಡಿದು ಓದುತ್ತಾ ಹೋದರು, ಮೊಮ್ಮಗಳು ಬರೆದುಕೊಂಡಳು. ಎರಡು ಪದ ಅವರಿಗೂ ಬಿಡಿಸಲಾಗಲಿಲ್ಲ. ಹುಡುಗಿ ಆ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಮುಂದಿನ ಸಾಲಿಗೆ ಹೋದಳು. ಆ ಹೊಲದ ಮೂಡಣ ಗಡಿ ಯಾವುದೆಂದು ಬರೆದದ್ದು ಅಲ್ಲಿಯೇ.