ನಮ್ಮ ದೊಡ್ಡಮ್ಮನನ್ನು ಬರೀ ತ್ಯಾಗಮಯಿ ಅನ್ನಬೇಡಿ

ನಮ್ಮ ದೊಡ್ಡಮ್ಮ ಹೋದ ತಿಂಗಳು ತೀರಿಕೊಂಡರು. ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ತುಂಬಾ ಜನರಿಗೆ ಅವರು ಟೀಚರ್. ಬೊಜ್ಜದ (ಉತ್ತರಕ್ರಿಯೆಯ) ದಿನ ಬಂದವರೆಲ್ಲ ಒಳ್ಳೆಯ ಮಾತೇ ಆಡಿದರು. ತ್ಯಾಗಮಯಿ, ತಾಳ್ಮೆಯ ಮೂರ್ತಿ, ಮಕ್ಕಳೆಂದರೆ ಜೀವ ಬಿಡುತ್ತಿದ್ದರು ಅಂತ. ಯಾವುದೂ ಸುಳ್ಳಲ್ಲ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಸಂಕಟ ಆಯಿತು. ನಿವೃತ್ತಿಯ ತನಕ ಒಂದನೇ ಕ್ಲಾಸಿಗೆ ಕನ್ನಡ ಕಲಿಸಿದ ಹೆಂಗಸು, ಅವರ ಕೆಲಸದ ಜಾಣತನದ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಗಂಡಸು ಮೇಷ್ಟ್ರು ಹೋದರೆ ವಿದ್ವಾಂಸರು ಅನ್ನುತ್ತೇವೆ, ಹೆಂಗಸು ಹೋದರೆ ತಾಯಿಯಂಥವರು ಅನ್ನುತ್ತೇವೆ. ನನಗಿದು ಸರಿ ಕಾಣುವುದಿಲ್ಲ.

ಕಾಸರಗೋಡಿನಲ್ಲಿ ಕನ್ನಡ ಕಲಿಸುವುದು ಎಂಥ ಕೆಲಸ ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಹೆಸರಿಗೆ ಕನ್ನಡ ಮೀಡಿಯಂ. ಬೆಂಚಿನಲ್ಲಿ ಕೂತ ಮಕ್ಕಳ ಮನೆಮಾತು ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ, ನಮ್ಮ ಹವ್ಯಕ. ಪುಸ್ತಕದ ಕನ್ನಡವನ್ನು ಮನೆಯಲ್ಲಿ ಆಡುವ ಮಗು ಸಿಗುವುದೇ ಅಪರೂಪ. ಅಂಥ ಮಗು ಜೂನ್ ತಿಂಗಳ ಮಳೆಯಲ್ಲಿ ಒದ್ದೆಯಾಗಿ ಅಳುತ್ತಾ ಬಂದರೆ ದೊಡ್ಡಮ್ಮ ಮೊದಲು ಅದರ ಭಾಷೆಯಲ್ಲೇ ಮಾತಾಡಿಸುತ್ತಿದ್ದರು. ತುಳುವಿನ ಮಗುವಾದರೆ "ದಾಯೆ ಬುಲಿಪುನ ಮಗಾ?" ಅಳು ನಿಂತ ಮೇಲೆ ಅದೇ ಪ್ರಶ್ನೆ ಕನ್ನಡದಲ್ಲಿ, "ಯಾಕೆ ಅಳುವುದು ಮಗಾ?" ಕೊಡೆ, ಮಳೆ, ಅಂಗಿ, ಕಾಲಿನ ಕೆಸರು, ಎದುರಿಗೆ ಇದ್ದದ್ದೇ ಮೊದಲ ಪಾಠ.

ಬಾಯಿಪಾಠಕ್ಕೆ ಅ ಆ ಇ ಈ. ಬರೆಸುವಾಗ ಮಾತ್ರ ಆ ಕ್ರಮ ಹಿಡಿಯುತ್ತಿರಲಿಲ್ಲ. ಮೊದಲು ರ. ಅದು ಕೈಗೆ ಕೂತರೆ ಹೊಟ್ಟೆಯಲ್ಲೊಂದು ಚುಕ್ಕಿ ಇಟ್ಟು ಠ. ದ ಬಂದರೆ ಕೆಳಗೆ ಸೀಳಿ ಧ. ಹೀಗೆ ಸ, ಗ, ಅ ಬಂದ ಕೂಡಲೇ ಸರ, ಅಗಸ, ಗರಗಸ ಅಂತ ಪೂರ್ತಿ ಪದ ಬರೆಸಿಬಿಡುತ್ತಿದ್ದರು, ಮಗುವಿಗೆ ತಾನು ಓದಬಲ್ಲೆ ಅನ್ನುವ ಧೈರ್ಯ ಮೊದಲ ತಿಂಗಳಲ್ಲೇ ಬರಬೇಕು ಅಂತ ಅವರ ಹಟ. ತಪ್ಪಾದರೆ ಬೈಗುಳ ಇಲ್ಲ, ನೀರುಕಡ್ಡಿ ಗಿಡದ ದಂಟಿನಲ್ಲಿ ಸ್ಲೇಟು ಒರೆಸಿ ಇನ್ನೊಮ್ಮೆ. ಮಹಾಪ್ರಾಣ ಕಲಿಸುವಾಗ ಅಂಗೈಯನ್ನು ಬಾಯಿಯ ಎದುರು ಹಿಡಿಯಲು ಹೇಳುತ್ತಿದ್ದರು. ಕ ಅಂದಾಗ ಗಾಳಿ ಅಷ್ಟಾಗಿ ತಾಗುವುದಿಲ್ಲ, ಖ ಅಂದಾಗ ಚೆನ್ನಾಗಿ ತಾಗುತ್ತದೆ. ಇಡೀ ಕ್ಲಾಸು ಕೈ ಮುಂದೆ ಹಿಡಿದು ಖ ಖ ಅನ್ನುವುದು ನಮಗೆ ರಸ್ತೆಗೆ ಕೇಳುತ್ತಿತ್ತು. ಇದಕ್ಕೆ ತಾಳ್ಮೆ ಬೇಕು, ಹೌದು. ತಲೆಯೂ ಬೇಕು. ಇದನ್ನು ಅವರಿಗೆ ಯಾವ ಟ್ರೈನಿಂಗೂ ಹೇಳಿಕೊಟ್ಟಿರಲಿಲ್ಲವಂತೆ, ಮಕ್ಕಳನ್ನು ನೋಡಿ ನೋಡಿ ತಾವೇ ಕಂಡುಕೊಂಡದ್ದು.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಹೈಸ್ಕೂಲು ಹುಡುಗಿ. ಅಲ್ಲಿವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಹೇಳಿತು, ಆಗಲಿಲ್ಲ. ಆಗಬೇಕಿತ್ತು ಅಂತ ದೊಡ್ಡಮ್ಮ ಕೊನೆವರೆಗೂ ಹೇಳುತ್ತಿದ್ದರು. ಹಾಗಂತ ಕಾಯುತ್ತಾ ಕೂರಲಿಲ್ಲ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ ಅಂತ ಮಲಯಾಳ ಓದಲು ಕಲಿತರು, ಆಮೇಲೆ ಆ ಭಾಷೆಯ ಕಥೆಗಳನ್ನೂ ಇಷ್ಟಪಟ್ಟು ಓದಿದರು.

ಮನೆಯಲ್ಲೂ ಅದೇ ಬುದ್ಧಿ. ಅಡಿಕೆಗೆ ಕೊಳೆರೋಗ ಬಂದು ತೋಟ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕೂಡುಕುಟುಂಬ ನಡೆದದ್ದು ಅವರ ಸಂಬಳದಲ್ಲಿ, ಆದರೆ ಆ ಮಾತನ್ನು ಒಂದು ದಿನ ಬಾಯಲ್ಲಿ ತಂದವರಲ್ಲ. ನನ್ನ ಅಮ್ಮನನ್ನು ಮದುವೆಯಾದ ಮೇಲೆ ಟೀಚರ್ ಟ್ರೈನಿಂಗಿಗೆ ಕಳಿಸಿದ್ದು ಅವರೇ. ಮನೆಯ ಹಿರಿಯರು ಗೊಣಗಿದಾಗ "ಅಡಿಗೆ ನಾನು ನೋಡ್ತೇನೆ, ಅವಳು ಹೋಗಲಿ" ಅಂದರಂತೆ. ಬೇಸಿಗೆ ರಜೆಯಲ್ಲಿ ಹಲಸಿನ ಹಪ್ಪಳ ಮಾಡುವಾಗ ನಾವು ಮಕ್ಕಳೆಲ್ಲ ಅವರ ಸುತ್ತ. ಚಾಪೆಯಲ್ಲಿ ಒಂದು ಸಾಲಿಗೆ ಎಂಟು ಹಪ್ಪಳ, ಸಾಲು ಎಷ್ಟು, ಒಟ್ಟು ಎಷ್ಟು, ಇಪ್ಪತ್ತೈದರ ಕಟ್ಟು ಎಷ್ಟಾಗುತ್ತದೆ, ಉಳಿಯುವುದೆಷ್ಟು? ಉಳಿದದ್ದು ಸರಿಯಾಗಿ ಹೇಳಿದವರಿಗೆ ಹಸಿ ಹಪ್ಪಳದ ಹಿಟ್ಟು. ಭಾಗಾಕಾರದಲ್ಲಿ ಶೇಷ ಎಂದರೇನು ಅಂತ ನಾನು ಕಲಿತದ್ದು ಆ ಅಂಗಳದಲ್ಲಿ. ಮನೆಗೆ ಯಾರೇ ಬರಲಿ, ಮೊದಲ ಮಾತು "ಉಂಡಿಕ್ಕಿ ಹೋಗು", ಅಂದರೆ ಊಟ ಮಾಡಿ ಹೋಗು. ಎರಡನೆಯದು "ಈಗ ಎಂತ ಓದ್ತಾ ಇದ್ದೆ?"

ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಪೆರಡಾಲದ ಹೈಸ್ಕೂಲಿನಲ್ಲೇ ಮೇಷ್ಟ್ರಾಗಿದ್ದವರು, ನೂರು ತುಂಬಿ 2015ರಲ್ಲಿ ತೀರಿಕೊಂಡರು. ಅವರ ಹೆಸರು ಉಳಿದದ್ದು ನ್ಯಾಯ. ಆದರೆ ಹೈಸ್ಕೂಲಿಗೆ ಬಂದ ಮಗುವಿಗೆ ಪದ್ಯ ರುಚಿಸಬೇಕಾದರೆ ಒಂದನೇ ಕ್ಲಾಸಿನಲ್ಲಿ ಯಾರೋ ಒಬ್ಬ ಟೀಚರ್ ಅದರ ಬೆರಳು ಹಿಡಿದು ರ ಬರೆಸಿರಬೇಕು ಅಲ್ವಾ? ಅವರ ಹೆಸರು ಎಲ್ಲೂ ಇಲ್ಲ. ಈಚೆಗೆ ನಮ್ಮ ಜಿಲ್ಲೆಯಲ್ಲಿ ಕನ್ನಡ ಬಾರದವರನ್ನು ಕನ್ನಡ ಮೀಡಿಯಂ ಕ್ಲಾಸಿಗೆ ನೇಮಿಸಿದ್ದು, ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಕಲಿಸುವುದು ಬರೀ ಪ್ರೀತಿಯ ಕೆಲಸ, ಯಾರು ಬಂದರೂ ಆಗುತ್ತದೆ ಅಂತ ನಾವೇ ಹೇಳುತ್ತಾ ಬಂದರೆ ಇಂಥ ನೇಮಕವನ್ನು ತಡೆಯಲು ನಮ್ಮ ಕೈಯಲ್ಲಿ ಯಾವ ವಾದ ಉಳಿಯುತ್ತದೆ?

ಅಟ್ಟದ ಟ್ರಂಕಿನಲ್ಲಿ ದೊಡ್ಡಮ್ಮನ ಪಾಠದ ನೋಟ್ ಪುಸ್ತಕಗಳು ಸಿಕ್ಕಿವೆ. ಕೆಲವಕ್ಕೆ ಒರಲೆ (ಗೆದ್ದಲು) ಹಿಡಿದಿದೆ, ಉಳಿದದ್ದನ್ನು ಪುಟ ಪುಟವಾಗಿ ಫೋಟೊ ತೆಗೆಯುತ್ತಿದ್ದೇನೆ. ಯಾವ ಮಗುವಿಗೆ ಯಾವ ಅಕ್ಷರ ಕಷ್ಟ, ಅದಕ್ಕೆ ಎಂತ ಮಾಡಿದ್ದು ಅಂತೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಅವರ ಹತ್ತಿರ ಕಲಿತವರು ಇದನ್ನು ಓದುತ್ತಿದ್ದರೆ ಹೊಗಳಿಕೆ ಬೇಡ, ನಿಮಗೆ ಎಂತ ಹೇಳಿಕೊಟ್ಟರು, ಹೇಗೆ ಹೇಳಿಕೊಟ್ಟರು ಅಂತ ನೆನಪಿದ್ದಷ್ಟು ಕೆಳಗೆ ಬರೆಯಿರಿ. ಈಗ ಒಂದನೇ ಕ್ಲಾಸು ತೆಗೆದುಕೊಳ್ಳುವ ಕನ್ನಡ ಮೀಡಿಯಂ ಟೀಚರ್‌ಗಳು ಯಾರಿದ್ದರೂ ಮೆಸೇಜ್ ಮಾಡಿ, ಆ ಪುಟಗಳನ್ನು ಕಳಿಸಿಕೊಡುತ್ತೇನೆ.